ಸರ್ಕಾರಿ ಕಂಪ್ಯೂಟರಿಗೆ ಮುಕ್ತ ತಂತ್ರಾಂಶ: ಬರೀ ದುಡ್ಡು ಉಳಿಸುವ ಮಾತಾ?

ಟಪಾಲು ಮೇಜು:
ಎಲ್ಲರಿಗೂ ನಮಸ್ಕಾರ. ನಾನು ಒಂದು ತಾಲ್ಲೂಕು ಕಚೇರಿಯಲ್ಲಿ ಎಫ್‌ಡಿಎ. ಕಳೆದ ವಾರ ನಡೆದದ್ದನ್ನು ಹೇಳಿ ಒಂದು ಪ್ರಶ್ನೆ ಕೇಳಬೇಕಿತ್ತು.

ವಯಸ್ಸಾದ ರೈತರೊಬ್ಬರು ಬಂದಿದ್ದರು. ಹೊಲಕ್ಕೆ ಹೋಗುವ ದಾರಿ ವಿಚಾರವಾಗಿ 2005ರಲ್ಲಿ ಆದ ಆದೇಶ ಅವರಿಗೆ ಬೇಕಿತ್ತು. ರೆಕಾರ್ಡ್ ರೂಮಿನಲ್ಲಿದ್ದ ಕಡತವನ್ನು ಗೆದ್ದಲು ಅರ್ಧ ತಿಂದಿತ್ತು. ಪುಣ್ಯಕ್ಕೆ ಹಳೇ ಹಾರ್ಡ್ ಡಿಸ್ಕಿನಲ್ಲಿ ಫೈಲ್ ಸಿಕ್ಕಿತು. ತೆರೆದು ನೋಡಿದರೆ ಒಂದಕ್ಷರ ಕನ್ನಡ ಇಲ್ಲ. ಬರೀ ಇಂಗ್ಲಿಷ್ ಅಕ್ಷರ, ಅವುಗಳ ತಲೆ ಮೇಲೆ ಗೆರೆ, ಚುಕ್ಕೆ, ನಡುನಡುವೆ ಪೌಂಡ್ ಗುರುತು. ಆಗ ಕನ್ನಡ ಟೈಪ್ ಮಾಡಲು ಬಳಸುತ್ತಿದ್ದ ನುಡಿ ತಂತ್ರಾಂಶದ ಫಾಂಟು ಈಗಿನ ಕಂಪ್ಯೂಟರಿನಲ್ಲಿ ಇರಲಿಲ್ಲ. ಆ ಫಾಂಟ್ ಇದ್ದ ಇನ್ನೊಂದು ಕಂಪ್ಯೂಟರ್ ಹುಡುಕಿ, ಫೈಲ್ ಓದಿ, ಉಳಿದ ಕಾಗದದ ಜೊತೆ ತಾಳೆ ನೋಡುವಷ್ಟರಲ್ಲಿ ಎರಡು ಗಂಟೆ ಆಯಿತು. ಅಷ್ಟು ಹೊತ್ತೂ ಅವರು ಹೊರಗೆ ಬೆಂಚಿನ ಮೇಲೆ ಕೂತಿದ್ದರು. "ನನ್ನ ಕಾಗದ ನಿಮಗೇ ಓದೋಕೆ ಬರಲ್ವಾ ತಾಯಿ" ಅಂತ ಕೇಳಿದರು. ಆ ಮಾತು ಇನ್ನೂ ಮನಸ್ಸಿನಲ್ಲಿ ಕೊರೆಯುತ್ತಿದೆ.

ಅದೇ ವಾರ ಜರ್ಮನಿಯ ಶ್ಲೆಸ್‌ವಿಗ್-ಹೋಲ್‌ಸ್ಟೈನ್ ರಾಜ್ಯ ತನ್ನ ಕಚೇರಿಗಳಲ್ಲಿ ಮೈಕ್ರೋಸಾಫ್ಟ್ ಆಫೀಸ್ ಬಿಟ್ಟು ಲಿಬ್ರೆ ಆಫೀಸ್ ಅನ್ನುವ ಮುಕ್ತ ತಂತ್ರಾಂಶಕ್ಕೆ ಹೋಗುತ್ತಿದೆ ಅಂತ ಓದಿದೆ. ಇದರಿಂದ ನಮ್ಮಂಥ ಕಚೇರಿಗೆ ಏನಾದರೂ ಪ್ರಯೋಜನ ಇದೆಯಾ? ತಿಳಿದವರು ಬಿಡಿಸಿ ಹೇಳಿ.

ಸರ್ವರ್ ರೂಮ್:
ಮೇಡಂ, ನಾನು 14 ವರ್ಷದಿಂದ ಸರ್ಕಾರಿ ಕಚೇರಿಗಳ ಕಂಪ್ಯೂಟರ್ ನಿರ್ವಹಣೆ ಮಾಡುತ್ತಿದ್ದೇನೆ. ಮುಕ್ತ ತಂತ್ರಾಂಶ ಅಂದರೆ ಅದರ ಸೋರ್ಸ್ ಕೋಡ್ (ತಂತ್ರಾಂಶದ ಒಳಗಿನ ಬರವಣಿಗೆ) ಎಲ್ಲರಿಗೂ ತೆರೆದಿರುವಂಥದ್ದು, ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಅದರ ಮೇಲೆ ನನಗೆ ದ್ವೇಷ ಇಲ್ಲ. ನಾನು ನೋಡಿಕೊಳ್ಳುವ ಸರ್ವರ್‌ಗಳಲ್ಲಿ ಹೆಚ್ಚಿನವು ಲಿನಕ್ಸ್, ಅಂದರೆ ವಿಂಡೋಸ್ ಜಾಗದಲ್ಲಿ ಕೂರುವ ಮುಕ್ತ ವ್ಯವಸ್ಥೆ. ಆದರೆ ಮೇಜಿನ ಮೇಲಿನ ಕಂಪ್ಯೂಟರ್ ಬೇರೆ ಕಥೆ.

ಡಿಜಿಟಲ್ ಸಹಿ ಹಾಕಲು ಬಳಸುವ, ಪೆನ್‌ಡ್ರೈವ್‌ನಂಥ ಟೋಕನ್ ಇದೆಯಲ್ಲ, ಅದನ್ನು ಚುಚ್ಚಿದರೆ ವಿಂಡೋಸ್‌ನಲ್ಲಿ ಕೆಲಸ ಮಾಡುತ್ತದೆ. ಲಿನಕ್ಸ್‌ನಲ್ಲಿ ಅದರ ಡ್ರೈವರ್ ಕೂರಿಸುವುದಕ್ಕೆ ನಾನೇ ಒಂದು ಮಧ್ಯಾಹ್ನ ಪೂರ್ತಿ ಕಳೆದಿದ್ದೇನೆ. ಪ್ರಿಂಟರ್, ಸ್ಕ್ಯಾನರ್, ಬೆರಳಚ್ಚು ಯಂತ್ರ ಎಲ್ಲದರದ್ದೂ ಇದೇ ಪಾಡು. ಲೆಕ್ಕದ ವಿಭಾಗದವರು ಹತ್ತು ವರ್ಷದಿಂದ ಕಟ್ಟಿಕೊಂಡು ಬಂದ ಎಕ್ಸೆಲ್ ಮ್ಯಾಕ್ರೋಗಳು (ಕೆಲಸವನ್ನು ತಾವಾಗಿ ಮಾಡುವ ಸಣ್ಣ ಪ್ರೋಗ್ರಾಂಗಳು) ಲಿಬ್ರೆ ಆಫೀಸ್‌ನಲ್ಲಿ ಮುರಿದುಬೀಳುತ್ತವೆ. ನಿವೃತ್ತಿಗೆ ಎರಡು ವರ್ಷ ಇರುವ ಶಿರಸ್ತೇದಾರರಿಗೆ ಹೊಸದಾಗಿ ಕಲಿಸುವವರು ಯಾರು? ಕೆಟ್ಟು ಕೂತರೆ ಯಾರ ಕೊರಳಪಟ್ಟಿ ಹಿಡಿಯುವುದು? ಲೈಸೆನ್ಸ್ ದುಡ್ಡು ಉಳಿಯಿತು ಅನ್ನುವವರು ಈ ಖರ್ಚನ್ನು ಲೆಕ್ಕಕ್ಕೇ ತರುವುದಿಲ್ಲ. ಜರ್ಮನಿಯದೇ ಮ್ಯೂನಿಕ್ ನಗರದಲ್ಲಿ ಏನಾಯಿತು ಅಂತ ಒಮ್ಮೆ ನೋಡಿ.

ಕೀಲ್ ಕನ್ನಡಿಗ:
ನಾನಿರುವುದು ಅದೇ ಶ್ಲೆಸ್‌ವಿಗ್-ಹೋಲ್‌ಸ್ಟೈನ್‌ನಲ್ಲಿ. ಕೀಲ್ ಇದರ ರಾಜಧಾನಿ. ಇಲ್ಲಿ ನಡೆದದ್ದನ್ನು ಹೇಳುತ್ತೇನೆ.

2024ರ ಏಪ್ರಿಲ್‌ನಲ್ಲಿ ಇಲ್ಲಿನ ಸಂಪುಟ ತೀರ್ಮಾನ ಮಾಡಿತು. ಸುಮಾರು 30 ಸಾವಿರ ಮೇಜುಗಳಲ್ಲಿ ಮೊದಲು ಲಿಬ್ರೆ ಆಫೀಸ್, ಆಮೇಲೆ ಮೇಲ್, ಕಡೆಗೆ ಲಿನಕ್ಸ್. 2025ರ ಅಕ್ಟೋಬರ್ ಹೊತ್ತಿಗೆ 40 ಸಾವಿರಕ್ಕೂ ಹೆಚ್ಚು ಮೇಲ್‌ಬಾಕ್ಸ್‌ಗಳನ್ನು ಓಪನ್-ಎಕ್ಸ್‌ಚೇಂಜ್ ಮತ್ತು ಥಂಡರ್‌ಬರ್ಡ್ ಅನ್ನುವ ಮುಕ್ತ ಮೇಲ್ ತಂತ್ರಾಂಶಗಳಿಗೆ ಸಾಗಿಸಿ ಮುಗಿಸಿದರು. ಸುಲಭವಾಗಿ ಆಗಲಿಲ್ಲ. ಮೇಲ್ ಸಾಗಿಸುವಾಗ ಸಾಕಷ್ಟು ತೊಂದರೆ ಆಯಿತು, ಸಿಬ್ಬಂದಿ ಬಹಿರಂಗವಾಗಿಯೇ ದೂರಿದರು. ಸರ್ವರ್ ರೂಮ್ ಅವರ ಅನುಭವದ ಮಾತು ಇಲ್ಲಿಯೂ ನಿಜವೇ ಆಯಿತು.

ಆದರೆ ಲೆಕ್ಕ ನೋಡಿ. 2026ರಲ್ಲಿ ಲೈಸೆನ್ಸ್ ಬಾಬ್ತು 15 ಮಿಲಿಯನ್ ಯೂರೋಗೂ ಹೆಚ್ಚು ಉಳಿಯುತ್ತದೆ ಅಂತ ಸರ್ಕಾರ ಹೇಳಿದೆ. ಬದಲಾವಣೆಗೆ, ತಂತ್ರಾಂಶ ಸುಧಾರಿಸುವುದಕ್ಕೆ ಅಂತ ಒಂದು ಸಲಕ್ಕೆ ಹಾಕುವ ದುಡ್ಡು 9 ಮಿಲಿಯನ್. ಖರ್ಚು ಒಂದೇ ಸಲ, ಉಳಿತಾಯ ವರ್ಷವರ್ಷವೂ.

ಇನ್ನೊಂದು ವಿಷಯ. ಇಲ್ಲಿನ ಸರ್ಕಾರ ಮೊದಲು ಹೇಳಿದ್ದು ಉಳಿತಾಯದ ಮಾತಲ್ಲ. ಅವರು ಹೇಳಿದ್ದು ಡಿಜಿಟಲ್ ಸಾರ್ವಭೌಮತ್ವ. ಅಂದರೆ ನಮ್ಮ ಆಡಳಿತ ನಡೆಯಬೇಕಾದರೆ ಹೊರಗಿನ ಒಂದು ಕಂಪನಿಯ ಮರ್ಜಿ ಕಾಯುವಂತಿರಬಾರದು ಅನ್ನುವುದು. ಉಳಿತಾಯ ಅದರ ಹಿಂದೆ ಬಂತು.

ಸರ್ವರ್ ರೂಮ್:
ಮ್ಯೂನಿಕ್ ಬಗ್ಗೆ ಹೇಳಲೇ ಇಲ್ಲ. 2003ರಲ್ಲಿ ಲಿನಕ್ಸ್‌ಗೆ ಹೋಗುವ ತೀರ್ಮಾನ, ಹತ್ತು ವರ್ಷ ಒದ್ದಾಡಿ 2013ಕ್ಕೆ ಸುಮಾರು 15 ಸಾವಿರ ಕಂಪ್ಯೂಟರ್ ಬದಲಾಯಿಸಿದರು. 2017ರಲ್ಲಿ ವಾಪಸ್ ವಿಂಡೋಸ್ ಅಂದರು. ಎರಡೆರಡು ಸಲ ವಲಸೆ, ಎರಡೆರಡು ಸಲ ಖರ್ಚು. ನಮ್ಮಲ್ಲಿ ಸರ್ಕಾರ ಬದಲಾದ ಹಾಗೆ ಯೋಜನೆಯ ಹೆಸರೂ ಬದಲಾಗುತ್ತದೆ. ಅಂಥ ಕಡೆ ಹತ್ತು ವರ್ಷದ ಕೆಲಸಕ್ಕೆ ಕೈ ಹಾಕಿ ಅನ್ನುತ್ತೀರಾ?

ಕೀಲ್ ಕನ್ನಡಿಗ:
ಸರ್, ಮ್ಯೂನಿಕ್‌ನಲ್ಲಿ ತಂತ್ರಾಂಶ ಸೋತಿತು ಅಂತ ನಾನು ಒಪ್ಪುವುದಿಲ್ಲ. ಅಲ್ಲಿ ಮೇಯರ್ ಬದಲಾದರು, ಬೆಂಬಲ ಹೋಯಿತು. ಜೊತೆಗೆ ಅವರು ತಮ್ಮದೇ ಒಂದು ಲಿನಕ್ಸ್ ಆವೃತ್ತಿ ಕಟ್ಟಿ ಒಬ್ಬರೇ ಹೊತ್ತುಕೊಂಡರು. ಅದು ಭಾರವಾಯಿತು. 2020ರಲ್ಲಿ ಬಂದ ಹೊಸ ಮೈತ್ರಿ ಮತ್ತೆ ಮುಕ್ತ ತಂತ್ರಾಂಶಕ್ಕೇ ಆದ್ಯತೆ ಅಂತ ಒಪ್ಪಂದದಲ್ಲಿ ಬರೆದುಕೊಂಡಿತು.

ಮ್ಯೂನಿಕ್ ನೋಡಿದವರು ಫ್ರಾನ್ಸಿನ ಜೆಂಡಾರ್ಮರಿಯನ್ನೂ ನೋಡಬೇಕು. ಅದು ಅಲ್ಲಿನ ರಾಷ್ಟ್ರೀಯ ಪೊಲೀಸ್ ಪಡೆ, ಊರೂರಲ್ಲಿ ಠಾಣೆ ಇರುವಂಥದ್ದು. 2005ರಲ್ಲಿ ಅವರು ವಿಂಡೋಸ್ ಹಾಗೇ ಇಟ್ಟುಕೊಂಡು ಆಫೀಸ್ ತಂತ್ರಾಂಶ ಮಾತ್ರ ಬದಲಾಯಿಸಿದರು. ಆಮೇಲೆ ಬ್ರೌಸರ್ ಮತ್ತು ಮೇಲ್. ಜನಕ್ಕೆ ಅವೆಲ್ಲ ರೂಢಿಯಾದ ಮೇಲೆ, 2008ರಿಂದ, ಕೆಳಗಿನ ವಿಂಡೋಸ್ ತೆಗೆದು ಉಬುಂಟು ಅನ್ನುವ ಲಿನಕ್ಸ್ ಹಾಕುತ್ತಾ ಬಂದರು. ಠಾಣೆಯ ಸಿಬ್ಬಂದಿ ದಿನಾ ಮುಟ್ಟುವ ಐಕಾನ್‌ಗಳು ಅವೇ ಇದ್ದವು. 70 ಸಾವಿರಕ್ಕೂ ಹೆಚ್ಚು ಕಂಪ್ಯೂಟರ್ ಹೀಗೇ ಬದಲಾದವು. ಅವಸರ ಮಾಡಲಿಲ್ಲ, ಹಿಂದಕ್ಕೂ ಹೋಗಲಿಲ್ಲ.

ಗಣಿತ ಮೇಷ್ಟ್ರು:
ಅಷ್ಟು ದೂರ ಯಾಕೆ ಹೋಗಬೇಕು, ಪಕ್ಕದ ಕೇರಳ ಇದೆಯಲ್ಲ. ಅಲ್ಲಿನ ಸರ್ಕಾರಿ ಶಾಲೆಗಳು 2005ರ ಆಸುಪಾಸಿನಲ್ಲಿ ಮುಕ್ತ ತಂತ್ರಾಂಶಕ್ಕೆ ಹೊರಳಿದವು. ಈಗ ಅಲ್ಲಿನ ಶಾಲೆಗಳಲ್ಲಿ 2 ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್ ಅವರದೇ 'ಕೈಟ್' ಸಂಸ್ಥೆ ಉಬುಂಟು ಮೇಲೆ ಕಟ್ಟಿದ ವ್ಯವಸ್ಥೆಯಲ್ಲಿ ನಡೆಯುತ್ತಿವೆ. ಇದರಿಂದ 3,000 ಕೋಟಿ ರೂಪಾಯಿ ಉಳಿಯಿತು ಅಂತ 2019ರಲ್ಲಿ ಹೇಳಿದ್ದರು.

ನಮ್ಮ ಶಾಲೆಯ ಲ್ಯಾಬಿನಲ್ಲಿ ಹತ್ತು ಕಂಪ್ಯೂಟರ್ ಇವೆ, ಎಲ್ಲ ಹಳೆಯವು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಿತು. ವಿಂಡೋಸ್ 11 ಈ ಯಂತ್ರಗಳಿಗೆ ಬರುವುದಿಲ್ಲ, ಅದು ಕೇಳುವ ಭದ್ರತಾ ಚಿಪ್ ಇವುಗಳಲ್ಲಿ ಇಲ್ಲ. ಕೀಬೋರ್ಡ್ ಚೆನ್ನಾಗಿದೆ, ಪರದೆ ಚೆನ್ನಾಗಿದೆ, ಆದರೂ ಗುಜರಿಗೆ ಹಾಕಿ ಅಂದ ಹಾಗಾಯಿತು. ಒಂದು ಶನಿವಾರ ಕೂತು ಹತ್ತಕ್ಕೂ ಲಿನಕ್ಸ್ ಹಾಕಿದೆ. ಈಗ ಮೊದಲಿಗಿಂತ ಚುರುಕಾಗಿ ಓಡುತ್ತಿವೆ.

ಮುಖ್ಯವಾಗಿ ಹೇಳಬೇಕಾದದ್ದು ಇದು. ಎಂಟನೇ ತರಗತಿಯ ಒಬ್ಬಳು ಹುಡುಗಿ ಜಿಯೋಜೀಬ್ರಾ ಅನ್ನುವ ಗಣಿತದ ತಂತ್ರಾಂಶದಲ್ಲಿ ತ್ರಿಭುಜದ ಮೂಲೆ ಹಿಡಿದು ಎಳೆಯುತ್ತಿದ್ದಳು. ಎಷ್ಟು ಎಳೆದರೂ ಮೂರು ಕೋನದ ಮೊತ್ತ 180 ಆಗಿಯೇ ಇತ್ತು. "ಸರ್, ಇದನ್ನು ಮನೆಗೆ ತಗೊಂಡು ಹೋಗಬಹುದಾ?" ಅಂತ ಕೇಳಿದಳು. ಅವರ ಅಣ್ಣನ ಹಳೇ ಲ್ಯಾಪ್‌ಟಾಪ್ ಮನೆಯಲ್ಲಿತ್ತಂತೆ. ಪೆನ್‌ಡ್ರೈವ್‌ಗೆ ಇಡೀ ವ್ಯವಸ್ಥೆಯನ್ನೇ ತುಂಬಿ ಕೊಟ್ಟೆ. ಕದ್ದು ಕೊಟ್ಟೆ ಅನ್ನುವ ಅಳುಕು ಇರಲಿಲ್ಲ. ಶಾಲೆಯಲ್ಲಿ ನಾವೇ ಪೈರೇಟೆಡ್ ಕಾಪಿ ಹಾಕಿಕೊಂಡು ಮಕ್ಕಳಿಗೆ ಪ್ರಾಮಾಣಿಕರಾಗಿರಿ ಅಂತ ಹೇಗೆ ಹೇಳಲಿ? ಈಗ ಆ ಸಂಕಟ ಇಲ್ಲ.

ಲೆಕ್ಕಪತ್ರ:
ನಾನು ಆಡಿಟ್‌ನಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಮೇಷ್ಟ್ರೇ, ನಿಮ್ಮ ಕೆಲಸ ದೊಡ್ಡದು. ಆದರೆ 3,000 ಕೋಟಿ ಅಂಕಿಯನ್ನು ನಾನು ಹಿಡಿದುಕೊಳ್ಳುವುದಿಲ್ಲ. ಅದು ಒಂದೊಂದು ಯಂತ್ರಕ್ಕೂ ಒಂದೂವರೆ ಲಕ್ಷದ ತಂತ್ರಾಂಶ ಕೊಂಡಿದ್ದರೆ ಎಷ್ಟಾಗುತ್ತಿತ್ತು ಅನ್ನುವ ಲೆಕ್ಕ. ಯಾವ ಸರ್ಕಾರವೂ ಶಾಲೆಗೆ ಅಷ್ಟು ಕೊಟ್ಟು ಕೊಳ್ಳುತ್ತಿರಲಿಲ್ಲ. ನಮ್ಮ ಪರವಾಗಿ ಇದೆ ಅಂತ ದುರ್ಬಲ ಅಂಕಿಯನ್ನು ಮುಂದಿಟ್ಟರೆ, ಅದು ಬಿದ್ದಾಗ ಗಟ್ಟಿ ವಾದವೂ ಜೊತೆಗೇ ಬೀಳುತ್ತದೆ.

ಗಟ್ಟಿ ವಾದ ಯಾವುದು? ನಾನು ಕಣ್ಣಾರೆ ಕಂಡದ್ದು ಹೇಳುತ್ತೇನೆ. ಊರು, ಕಂಪನಿ ಹೆಸರು ಬೇಡ. ಒಂದು ಪುರಸಭೆ ಆಸ್ತಿ ತೆರಿಗೆಗೆ ಒಬ್ಬ ಗುತ್ತಿಗೆದಾರರಿಂದ ತಂತ್ರಾಂಶ ಮಾಡಿಸಿತ್ತು. ಐದು ವರ್ಷದ ಎಎಂಸಿ (ನಿರ್ವಹಣೆಯ ಕರಾರು) ಮುಗಿಯಿತು. ನವೀಕರಣಕ್ಕೆ ಅವರು ಮೂರು ಪಟ್ಟು ಕೇಳಿದರು. ಬೇರೆಯವರನ್ನು ಕರೆಯೋಣ ಅಂದರೆ ಸೋರ್ಸ್ ಕೋಡ್ ಗುತ್ತಿಗೆದಾರರ ಹತ್ತಿರ. ಊರಿನ ಅಷ್ಟೂ ಮನೆಗಳ ವಿವರವನ್ನು ಹೊರಗೆ ತೆಗೆದುಕೊಡುವುದಕ್ಕೂ ಬೇರೆ ಬಿಲ್. ಕಡೆಗೆ ಮೂರು ಪಟ್ಟು ಕೊಟ್ಟರು. ಊರವರ ದುಡ್ಡಲ್ಲಿ ಬಾವಿ ತೋಡಿಸಿ, ಅದಕ್ಕೆ ಗುತ್ತಿಗೆದಾರನ ಬೀಗ ಹಾಕಿಸಿಕೊಂಡ ಹಾಗೆ. ಆಡಿಟ್ ಆಕ್ಷೇಪಣೆ ಬರೆದೆ. ಉತ್ತರ ಬಂತು: 'ಬೇರೆ ದಾರಿ ಇರಲಿಲ್ಲ'. ಅದು ಸುಳ್ಳಾಗಿರಲಿಲ್ಲ, ನಿಜವಾಗಿಯೂ ಇರಲಿಲ್ಲ.

ಸೋರ್ಸ್ ಕೋಡ್ ಪುರಸಭೆಯದೇ ಆಗಿದ್ದರೆ ಜಿಲ್ಲೆಯ ಯಾವ ಸಣ್ಣ ಕಂಪನಿಯಾದರೂ ಆ ನಿರ್ವಹಣೆಗೆ ಟೆಂಡರ್ ಹಾಕಬಹುದಿತ್ತು. ಬೆಲೆ ತಾನಾಗಿ ಇಳಿಯುತ್ತಿತ್ತು. ಹಾಗಾಗಿ ಉಳಿತಾಯ ಅಂದರೆ ಲೈಸೆನ್ಸ್ ಶುಲ್ಕ ಸೊನ್ನೆ ಅನ್ನುವುದಷ್ಟೇ ಅಲ್ಲ. ಎರಡನೇ ಸಲ ಟೆಂಡರ್ ಕರೆದಾಗ ಪೈಪೋಟಿ ಇರುತ್ತದೆ ಅನ್ನುವುದೂ ಉಳಿತಾಯವೇ. ನನ್ನ ಪ್ರಕಾರ ಅದೇ ದೊಡ್ಡದು.

ದುಡ್ಡು ಎಲ್ಲಿಗೆ ಹೋಗುತ್ತದೆ ಅನ್ನುವುದೂ ಮುಖ್ಯ. ಲೈಸೆನ್ಸ್ ದುಡ್ಡು ಊರು ಬಿಟ್ಟು ಹೋಗುತ್ತದೆ. ಕೆಲಸಕ್ಕೆ ಕೊಟ್ಟ ದುಡ್ಡು ಇಲ್ಲಿನ ಹುಡುಗರ ಕೈಗೆ ಬರುತ್ತದೆ. ಫ್ರಾನ್ಸಿನ ಪ್ರಧಾನಿ 2012ರಲ್ಲಿ ಮುಕ್ತ ತಂತ್ರಾಂಶಕ್ಕೆ ಆದ್ಯತೆ ಕೊಡಿ ಅಂತ ಸುತ್ತೋಲೆ ಹೊರಡಿಸಿದರು. ಆಮೇಲೆ ಏನಾಯಿತು ಅಂತ ಹಾರ್ವರ್ಡ್‌ನ ಫ್ರಾಂಕ್ ನೇಗಲ್ ಲೆಕ್ಕ ಹಾಕಿದರು. ಐಟಿ ಸ್ಟಾರ್ಟಪ್‌ಗಳು ವರ್ಷಕ್ಕೆ ಶೇ 9ರಿಂದ 18ರಷ್ಟು, ಐಟಿ ಕೆಲಸದಲ್ಲಿರುವವರು ಶೇ 6.6ರಿಂದ 14ರಷ್ಟು ಹೆಚ್ಚಾದರು ಅಂತ ಅವರ ಅಧ್ಯಯನ ಹೇಳುತ್ತದೆ.

ಸರ್ವರ್ ರೂಮ್:
ಲೆಕ್ಕಪತ್ರ ಸರ್, ಬೀಗದ ಮಾತು ಒಪ್ಪಿದೆ. ನಾನೂ ಅಂಥ ಕಚೇರಿ ನೋಡಿದ್ದೇನೆ. ಆದರೆ ಅದಕ್ಕೆ ಮುಕ್ತ ತಂತ್ರಾಂಶವೇ ಯಾಕೆ? ಕೋಡ್ ಸರ್ಕಾರದ್ದು ಅಂತ ಕರಾರಿನಲ್ಲಿ ಒಂದು ಸಾಲು ಬರೆದರೆ ಸಾಕಲ್ವಾ?

ಲೆಕ್ಕಪತ್ರ:
ಅರ್ಧ ಸಾಕು. ಕೋಡ್ ಸರ್ಕಾರದ ಕಪಾಟಿನಲ್ಲಿ ಸಿಡಿಯಾಗಿ ಕೂತರೆ ಪಕ್ಕದ ಪುರಸಭೆ ಅದೇ ಕೆಲಸಕ್ಕೆ ಮತ್ತೆ ದುಡ್ಡು ಕೊಡುತ್ತದೆ. ಪ್ರತಿ ರಾಜ್ಯವೂ ನೀರಿನ ಬಿಲ್ಲಿನ ತಂತ್ರಾಂಶವನ್ನು ಸೊನ್ನೆಯಿಂದ ಬರೆಸುವುದು ಯಾವ ನ್ಯಾಯ? ಒಮ್ಮೆ ಬರೆದದ್ದನ್ನು ಎಲ್ಲರೂ ಬಳಸಲಿ, ಎಲ್ಲರೂ ತಿದ್ದಲಿ. ಬೆಂಗಳೂರಿನ ಇಗವರ್ನಮೆಂಟ್ಸ್ ಫೌಂಡೇಶನ್‌ನ ಮುಕ್ತ ವೇದಿಕೆ ಹೀಗೇ ಹಲವು ರಾಜ್ಯಗಳ ನಗರಾಡಳಿತದಲ್ಲಿ ಬಳಕೆಯಾಗಿದೆ. ಬೆಂಗಳೂರಿನದೇ ಐಐಐಟಿಯಲ್ಲಿ 2018ರಲ್ಲಿ ಶುರುವಾದ 'ಮೊಸಿಪ್' ಅನ್ನುವ ಗುರುತಿನ ಚೀಟಿ ವ್ಯವಸ್ಥೆಯನ್ನು ಫಿಲಿಪ್ಪೀನ್ಸ್, ಮೊರಾಕ್ಕೊ ತೆಗೆದುಕೊಂಡವು. ನಮ್ಮೂರಲ್ಲಿ ಬರೆದ ಕೋಡ್‌ನಿಂದ ಬೇರೆ ದೇಶ ತನ್ನ ಜನಕ್ಕೆ ಗುರುತು ಕೊಡುತ್ತಿದೆ. ನನಗೆ ಅದು ಬಹಳ ಹೆಮ್ಮೆಯ ವಿಷಯ.

ನಿಯಮವೂ ಇದೆ. ಕೇಂದ್ರ ಸರ್ಕಾರ 2015ರಲ್ಲಿ ಮುಕ್ತ ತಂತ್ರಾಂಶ ನೀತಿ ತಂದಿತು. ಟೆಂಡರಿನಲ್ಲಿ ಮುಕ್ತ ತಂತ್ರಾಂಶಕ್ಕೆ ಆದ್ಯತೆ ಇರಬೇಕು, ಅದನ್ನು ಬಿಟ್ಟವರು ಯಾಕೆ ಬಿಟ್ಟೆವು ಅಂತ ಕಾರಣ ಕೊಡಬೇಕು ಅನ್ನುತ್ತದೆ. ಆ 'ಕಾರಣ' ಅನ್ನುವ ಜಾಗದಲ್ಲಿ ಏನು ಬರೆದಿದ್ದಾರೆ ಅಂತ ಕೇಳುವವರು ಕಡಿಮೆ. ಕೇಳಬೇಕು.

ಅರ್ಕಾವತ್ತು:
ಮೊದಲ ಪ್ರಶ್ನೆಗೆ ವಾಪಸ್ ಬರೋಣ. ಮೇಡಂ ಹೇಳಿದ ಫೈಲಿನ ಕಥೆಯೇ ಈ ಇಡೀ ಚರ್ಚೆಯ ಬೇರು. ನಾನು ಕನ್ನಡ ಫಾಂಟುಗಳ ಕೆಲಸದಲ್ಲಿ ಬಿಡುವಿದ್ದಾಗ ತೊಡಗಿಕೊಳ್ಳುವವನು, ಅದಕ್ಕೇ ಈ ಹೆಸರು.

ಆ ಫೈಲಿನಲ್ಲಿ ಇರುವುದು ಕನ್ನಡವೇ ಅಲ್ಲ. ಆಗಿನ ಪದ್ಧತಿಯಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸುತ್ತಿದ್ದರು. ಪೌಂಡ್ ಗುರುತಿನ ಮನೆಯಲ್ಲಿ 'ನ' ಅಕ್ಷರದ ಮೈ, ಅದರ ತಲೆಕಟ್ಟಿಗೆ ಇನ್ನೊಂದು ಮನೆ. ಫಾಂಟ್ ಇದ್ದರೆ ಕಣ್ಣಿಗೆ ಕನ್ನಡ, ಇಲ್ಲದಿದ್ದರೆ ಕಸ. ಕಂಪ್ಯೂಟರಿಗೆ ಮಾತ್ರ ಅದು ಯಾವತ್ತೂ ಕನ್ನಡ ಆಗಿರಲೇ ಇಲ್ಲ. ಆದ್ದರಿಂದಲೇ ಅಂಥ ಫೈಲಿನಲ್ಲಿ 'ಸರ್ವೆ ನಂಬರ್' ಅಂತ ಹುಡುಕಿದರೆ ಸಿಗುವುದಿಲ್ಲ, ಅಕಾರಾದಿಯಾಗಿ ಜೋಡಿಸಲೂ ಆಗುವುದಿಲ್ಲ. ಯುನಿಕೋಡ್‌ನಲ್ಲಿ ಕನ್ನಡಕ್ಕೆ 1991ರಿಂದಲೇ ಜಾಗ ಇತ್ತು. ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಖ್ಯೆ ಕೊಡುವ, ಎಲ್ಲರಿಗೂ ತೆರೆದಿಟ್ಟ ಮಾನದಂಡ ಅದು. ಕಚೇರಿಗಳು ಅದಕ್ಕೆ ಬರಲು ಬಹಳ ಕಾಲ ಹಿಡಿಯಿತು, ಅಷ್ಟರಲ್ಲಿ ಲಕ್ಷಾಂತರ ಪುಟ ಹಳೇ ಪದ್ಧತಿಯಲ್ಲಿ ಟೈಪ್ ಆಗಿಹೋಗಿತ್ತು.

ಇಲ್ಲಿ ಒಂದು ಪಾಠ ಇದೆ. ನುಡಿ ನಮಗೆ ಕಾಸಿಲ್ಲದೆ ಸಿಕ್ಕಿತು. ಉಚಿತವಾಗಿತ್ತು, ಆದರೆ ಮುಕ್ತವಾಗಿರಲಿಲ್ಲ. ಕೋಡ್ ತೆರೆದಿದ್ದರೆ ಲಿನಕ್ಸ್‌ಗೆ ಒಗ್ಗಿಸುವ ಕೆಲಸವನ್ನು, ಯುನಿಕೋಡ್‌ಗೆ ಬೇಗ ತರುವ ಕೆಲಸವನ್ನು ಹತ್ತಾರು ಹುಡುಗರು ಸಂತೋಷದಿಂದ ಮಾಡುತ್ತಿದ್ದರು. ದುಡ್ಡು ಕೊಡಲಿಲ್ಲ ಅನ್ನುವುದು ಸ್ವಾತಂತ್ರ್ಯ ಅಲ್ಲ.

ಡಿಟಿಪಿ ಅಂಗಡಿ:
ನುಡಿಯನ್ನು ದೂರಬೇಡಿ ಅಣ್ಣ. 2000ದ ದಶಕದ ಶುರುವಿನಲ್ಲಿ ಕಚೇರಿಗೆ ಕನ್ನಡ ಬಂದದ್ದೇ ಅದರಿಂದ. ಅದಿಲ್ಲದಿದ್ದರೆ ಮೇಡಂಗೆ ಆ ಆದೇಶ ಇಂಗ್ಲಿಷ್‌ನಲ್ಲಿ ಸಿಗುತ್ತಿತ್ತು. ಬರಹ, ನುಡಿ ಅನ್ನುವ ಎರಡು ತಂತ್ರಾಂಶಗಳನ್ನೂ ನಂಬಿಕೊಂಡೇ ನಾನು ಇಪ್ಪತ್ತು ವರ್ಷ ಮದುವೆ ಪತ್ರಿಕೆ, ಅರ್ಜಿ ಟೈಪ್ ಮಾಡಿ ಸಂಸಾರ ನಡೆಸಿದ್ದೇನೆ.

ಅರ್ಕಾವತ್ತು:
ನೀವು ಹೇಳಿದ್ದು ಸರಿ ಅಣ್ಣ. ಅದನ್ನು ಕಟ್ಟಿದವರ ಋಣ ನಮ್ಮ ಮೇಲಿದೆ, ನನಗೆ ಟೈಪಿಂಗ್ ಕಲಿಸಿದ್ದೂ ನುಡಿಯೇ. ನನ್ನ ತಕರಾರು ಮಾಡಿದವರ ಮೇಲಲ್ಲ. ಸಾರ್ವಜನಿಕ ಕೆಲಸಕ್ಕೆ ಬಳಸುವ ತಂತ್ರಾಂಶ ತೆರೆದಿರಬೇಕು ಅಂತ ಆಗ ಯಾರೂ ಪಟ್ಟು ಹಿಡಿಯಲಿಲ್ಲವಲ್ಲ, ಅದರ ಮೇಲೆ.

ವಕೀಲರ ಕೋಣೆ:
ನಾನು ಹದಿನಾರು ವರ್ಷದಿಂದ ಸಿವಿಲ್ ಪ್ರಾಕ್ಟೀಸ್ ಮಾಡುತ್ತಿದ್ದೇನೆ. ನನಗೆ ದುಡ್ಡಿನ ಮಾತಿಗಿಂತ ಹಕ್ಕಿನ ಮಾತು ದೊಡ್ಡದು.

ಬ್ರಿಟನ್ನಿನ ಅಂಚೆ ಕಚೇರಿಯ ಪ್ರಕರಣ ನೆನಪಿಸುತ್ತೇನೆ. ಅಲ್ಲಿ 'ಹೊರೈಜನ್' ಅನ್ನುವ ಲೆಕ್ಕದ ತಂತ್ರಾಂಶ ಇತ್ತು. ಹಳ್ಳಿ, ಪಟ್ಟಣಗಳ ಉಪ ಅಂಚೆ ಕಚೇರಿ ನಡೆಸುವವರ ಲೆಕ್ಕದಲ್ಲಿ ದುಡ್ಡು ಕಡಿಮೆ ಬಂದಿದೆ ಅಂತ ಅದು ತೋರಿಸುತ್ತಿತ್ತು. ಅವರು ಕಳ್ಳತನ ಮಾಡಿರಲಿಲ್ಲ. 'ಕಂಪ್ಯೂಟರ್ ತಪ್ಪು ಮಾಡುವುದಿಲ್ಲ' ಅಂತ ಇಲಾಖೆ ಹಟ ಹಿಡಿಯಿತು. 1999ರಿಂದ 2015ರವರೆಗೆ 900ಕ್ಕೂ ಹೆಚ್ಚು ಜನಕ್ಕೆ ಶಿಕ್ಷೆಯಾಯಿತು. ಜೈಲಿಗೆ ಹೋದರು, ಮನೆ ಮಾರಿದರು, ಕೆಲವರು ಜೀವ ಕಳೆದುಕೊಂಡರು. ತಂತ್ರಾಂಶದಲ್ಲೇ ದೋಷ ಇತ್ತು ಅಂತ ಹೈಕೋರ್ಟ್ ಹೇಳಿದ್ದು 2019ರಲ್ಲಿ. 2024ರಲ್ಲಿ ಸಂಸತ್ತು ಕಾಯ್ದೆ ಮಾಡಿ ಶಿಕ್ಷೆಗಳನ್ನು ರದ್ದು ಮಾಡಬೇಕಾಯಿತು.

ಒಬ್ಬ ಆರೋಪಿ ತನ್ನ ವಿರುದ್ಧದ ಸಾಕ್ಷಿಯನ್ನು ಪಾಟೀಸವಾಲು ಮಾಡಬಹುದು. ಇಲ್ಲಿ ಸಾಕ್ಷಿ ತಂತ್ರಾಂಶ. ಅದರ ಒಳಗನ್ನು ಆ ಬಡಪಾಯಿಗಳು ನೋಡುವಂತಿರಲಿಲ್ಲ. ಕೋಡ್ ತೆರೆದಿದ್ದರೆ ದೋಷವೇ ಇರುತ್ತಿರಲಿಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ಒಬ್ಬ ಜಾಣ ಇಂಜಿನಿಯರ್ ಅವರ ಪರವಾಗಿ ಅದನ್ನು ಓದಬಹುದಿತ್ತು.

ನಮ್ಮಲ್ಲೂ ಪಿಂಚಣಿ ನಿಲ್ಲುವುದು, ಪಡಿತರ ಚೀಟಿ ರದ್ದಾಗುವುದು ತಂತ್ರಾಂಶದ ಲೆಕ್ಕದ ಮೇಲೆಯೇ. ಅಜ್ಜಿಯೊಬ್ಬರು ಬಂದು ಕೇಳಿದರೆ 'ಸಿಸ್ಟಂ ತೆಗೆದುಕೊಳ್ತಿಲ್ಲ' ಅನ್ನುತ್ತಾರೆ. ಆ ಸಿಸ್ಟಂ ಯಾವ ನಿಯಮದ ಮೇಲೆ ತೆಗೆದುಕೊಳ್ಳುತ್ತಿಲ್ಲ? ಕಾಯ್ದೆ ಗೆಜೆಟ್‌ನಲ್ಲಿ ಅಚ್ಚಾಗುತ್ತದೆ, ಯಾರು ಬೇಕಾದರೂ ಓದಬಹುದು. ಆ ಕಾಯ್ದೆಯನ್ನು ಜಾರಿ ಮಾಡುವ ಕೋಡ್ ಮಾತ್ರ ಮುಚ್ಚಿರಬೇಕಾ?

ಇದನ್ನು ಪೆರು ದೇಶದ ಸಂಸದ ಎಡ್ಗಾರ್ ವಿಲ್ಲಾನುಯೆವಾ 2002ರಲ್ಲೇ ಚೆನ್ನಾಗಿ ಹೇಳಿದ್ದರು. ಮುಕ್ತ ತಂತ್ರಾಂಶದ ಮಸೂದೆಯನ್ನು ವಿರೋಧಿಸಿ ಮೈಕ್ರೋಸಾಫ್ಟ್‌ನ ಪೆರು ಕಚೇರಿ ಪತ್ರ ಬರೆದಿತ್ತು. ಅವರು ಉತ್ತರದಲ್ಲಿ ಮೂರು ಆಧಾರ ಕೊಟ್ಟರು: ಸಾರ್ವಜನಿಕ ಮಾಹಿತಿ ಪ್ರಜೆಗೆ ಅಡ್ಡಿಯಿಲ್ಲದೆ ಸಿಗಬೇಕು, ಅದು ಕಾಲಕಾಲಕ್ಕೂ ಉಳಿಯಬೇಕು, ರಾಜ್ಯದ ಮತ್ತು ಪ್ರಜೆಯ ಭದ್ರತೆ ಕಾಪಾಡಬೇಕು. ಬೆಂಚಿನ ಮೇಲೆ ಕೂತಿದ್ದ ಆ ರೈತರ ಕಾಗದಕ್ಕೆ ಮೊದಲೆರಡು ಮಾತು ಹಾಗೇ ಹೊಂದುತ್ತವೆ. ಸ್ವಿಟ್ಜರ್ಲೆಂಡ್ ಇದನ್ನು ಕಾನೂನೇ ಮಾಡಿದೆ. 2024ರ ಜನವರಿಯಿಂದ ಅಲ್ಲಿನ ಕೇಂದ್ರ ಸರ್ಕಾರದ ಸಂಸ್ಥೆಗಳು ತಾವು ಬರೆಸಿದ ತಂತ್ರಾಂಶದ ಕೋಡನ್ನು ಪ್ರಕಟಿಸಬೇಕು. ಭದ್ರತೆ ಅಥವಾ ಬೇರೆಯವರ ಹಕ್ಕು ಅಡ್ಡ ಬಂದರೆ ಮಾತ್ರ ವಿನಾಯಿತಿ.

ಸರ್ವರ್ ರೂಮ್:
ವಕೀಲ ಮೇಡಂ, ಕಣ್ಣು ತೆರೆಸುವ ಮಾತು. ಆದರೆ ತೆರೆದಿಟ್ಟರೆ ಎಲ್ಲರೂ ಓದುತ್ತಾರೆ ಅನ್ನುವ ನಂಬಿಕೆ ಮಾತ್ರ ಅಪಾಯ. 2014ರ ಹಾರ್ಟ್‌ಬ್ಲೀಡ್ ನೆನಪಿದೆಯಾ? ಜಾಲತಾಣಗಳ ಮಾಹಿತಿ ಗುಟ್ಟಾಗಿ ಸಾಗಿಸಲು ಅರ್ಧ ಜಗತ್ತು ಬಳಸುತ್ತಿದ್ದ ಓಪನ್‌ಎಸ್‌ಎಸ್‌ಎಲ್ ಅನ್ನುವ ಮುಕ್ತ ತಂತ್ರಾಂಶದಲ್ಲಿ ಎರಡು ವರ್ಷ ತೂತು ಇತ್ತು, ಯಾರೂ ನೋಡಿರಲಿಲ್ಲ. ಅದನ್ನು ನೋಡಿಕೊಳ್ಳುತ್ತಿದ್ದವರು ಬೆರಳೆಣಿಕೆಯ ಜನ. 2024ರಲ್ಲಿ ಎಕ್ಸ್‌ಝಡ್ ಅನ್ನುವ, ಫೈಲ್ ಕುಗ್ಗಿಸುವ ಮುಕ್ತ ತಂತ್ರಾಂಶದ ಪ್ರಕರಣ ಇನ್ನೂ ಕೆಟ್ಟದ್ದು. ಎರಡು ವರ್ಷ ನಂಬಿಕೆ ಗಳಿಸಿದವನೇ ಒಳಗೆ ಕಳ್ಳಬಾಗಿಲು ಇಟ್ಟ. ಸರ್ಕಾರ ಬರೀ ತೆಗೆದುಕೊಂಡು, ವಾಪಸ್ ಏನೂ ಕೊಡದೆ ಕೂತರೆ ಇಂಥದ್ದು ಮತ್ತೆ ಆಗುತ್ತದೆ.

ಕೀಲ್ ಕನ್ನಡಿಗ:
ಕೊನೆಯ ವಾಕ್ಯ ನೂರಕ್ಕೆ ನೂರು ನಿಜ ಸರ್. ಅದಕ್ಕೇ ಜರ್ಮನಿ 2022ರಲ್ಲಿ ಸಾವರಿನ್ ಟೆಕ್ ಫಂಡ್ ಅಂತ ಮಾಡಿ, ಇಂಥ ತಳಪಾಯದ ತಂತ್ರಾಂಶ ನೋಡಿಕೊಳ್ಳುವವರಿಗೆ ಸರ್ಕಾರದ ದುಡ್ಡು ಕೊಡುತ್ತಿದೆ. ನಮ್ಮಲ್ಲೂ ಉಳಿದ ಲೈಸೆನ್ಸ್ ದುಡ್ಡಿನಲ್ಲಿ ಒಂದು ಪಾಲು ಹೀಗೆ ಹೋಗಬೇಕು.

ಎಕ್ಸ್‌ಝಡ್ ಕಳ್ಳಬಾಗಿಲು ಸಿಕ್ಕಿದ್ದು ಹೇಗೆ ಗೊತ್ತಲ್ವಾ? ಆಂಡ್ರೆಸ್ ಫ್ರಾಯಿಂಡ್ ಅನ್ನುವ ಇಂಜಿನಿಯರ್‌ಗೆ ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿದೆ ಅನ್ನಿಸಿತು. ಯಾಕೆ ಅಂತ ಕೆದಕಿದರು. ಕೆದಕಲು ಅವರಿಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಅವರು ಕೆಲಸ ಮಾಡುತ್ತಿದ್ದುದು ಮೈಕ್ರೋಸಾಫ್ಟ್‌ನಲ್ಲೇ ಅನ್ನುವುದನ್ನೂ ಹೇಳಬೇಕು, ಒಳ್ಳೆಯ ಇಂಜಿನಿಯರ್‌ಗಳು ಎಲ್ಲ ಕಡೆ ಇದ್ದಾರೆ.

ಇನ್ನು ಅಪಾಯದ ಮಾತು ಬಂದರೆ ನಯಾರಾ ಎನರ್ಜಿಯನ್ನು ಮರೆಯಬೇಡಿ. ಗುಜರಾತಿನ ವಾಡಿನಾರ್‌ನಲ್ಲಿ ದೊಡ್ಡ ತೈಲ ಸಂಸ್ಕರಣಾಗಾರ ಇರುವ ಕಂಪನಿ. ರಷ್ಯಾದ ರಾಸ್‌ನೆಫ್ಟ್‌ಗೆ ಅದರಲ್ಲಿ ಪಾಲಿದೆ ಅಂತ 2025ರ ಜುಲೈನಲ್ಲಿ ಯುರೋಪಿಯನ್ ಒಕ್ಕೂಟ ನಿರ್ಬಂಧ ಹೇರಿತು. ಕೆಲವೇ ದಿನದಲ್ಲಿ ಮೈಕ್ರೋಸಾಫ್ಟ್ ಅದರ ಮೇಲ್ ಮತ್ತಿತರ ಸೇವೆ ನಿಲ್ಲಿಸಿತು. ಭಾರತದ ಕಂಪನಿ, ಭಾರತದ ಕಾನೂನು ಮುರಿದಿಲ್ಲ, ಆದರೂ ತನ್ನದೇ ಮೇಲ್ ನೋಡಲು ಆಗಲಿಲ್ಲ. ದೆಹಲಿ ಹೈಕೋರ್ಟಿಗೆ ಹೋದರು, ಆಮೇಲೆ ಸೇವೆ ವಾಪಸ್ ಬಂತು. ಒಂದು ಜಿಲ್ಲಾಧಿಕಾರಿ ಕಚೇರಿಗೆ, ಪ್ರವಾಹದ ಹೊತ್ತಿನಲ್ಲಿ ಹೀಗಾದರೆ ಅಂತ ಯೋಚಿಸಿ.

ಟಪಾಲು ಮೇಜು:
ಇಷ್ಟೆಲ್ಲ ವಿಷಯ ಇದರ ಹಿಂದೆ ಇದೆ ಅಂತ ಗೊತ್ತಿರಲಿಲ್ಲ. ನನ್ನದು ಸಣ್ಣ ಭಯ. ನಾನು ನುಡಿ ಕೀಬೋರ್ಡಿನಲ್ಲಿ ಟೈಪ್ ಮಾಡುವವಳು, ಕೈ ಅದಕ್ಕೇ ಕೂತಿದೆ. ದಿನಕ್ಕೆ ಮೂವತ್ತು ನಲವತ್ತು ಹಿಂಬರಹ ಟೈಪ್ ಮಾಡಬೇಕು. ಲಿನಕ್ಸ್‌ಗೆ ಹೋದರೆ ಮತ್ತೆ ಅ ಆ ಇ ಈ ಇಂದ ಶುರು ಮಾಡಬೇಕಾ?

ಅರ್ಕಾವತ್ತು:
ಬೇಡ ಮೇಡಂ. ನುಡಿಯ ಕೀಲಿ ವಿನ್ಯಾಸ ಕೆ.ಪಿ. ರಾವ್ ಅವರು ರೂಪಿಸಿದ್ದು. ಅದೇ ವಿನ್ಯಾಸ ಲಿನಕ್ಸ್‌ನ ಕೀಬೋರ್ಡ್ ಪಟ್ಟಿಯಲ್ಲಿ 'ಕಗಪ' ಅನ್ನುವ ಹೆಸರಲ್ಲಿ ಮೊದಲೇ ಕೂತಿದೆ. ಕನ್ನಡ ಗಣಕ ಪರಿಷತ್ತು ಅನ್ನುವುದರ ಚುಟುಕು. ಸೆಟ್ಟಿಂಗ್ಸ್‌ಗೆ ಹೋಗಿ ಕನ್ನಡ ಆಯ್ದು, ಕಗಪ ಒತ್ತಿದರೆ ಆಯಿತು. ಒತ್ತಕ್ಷರ ಕೊಡುವ ಕೀಲಿ ಒಂದೆರಡು ದಿನ ನೋಡಿಕೊಳ್ಳಿ, ಆಮೇಲೆ ಕೈ ತಾನೇ ಓಡುತ್ತದೆ.

ಹಳೇ ಫೈಲುಗಳಿಗೆ ಕೂಡ ದಾರಿ ಇದೆ. ನುಡಿ, ಬರಹ ತಂತ್ರಾಂಶಗಳ ಹಳೇ ಪದ್ಧತಿಯ ಪಠ್ಯವನ್ನು ಯುನಿಕೋಡ್ ಮಾಡುವ ಪರಿವರ್ತಕಗಳನ್ನು ಕನ್ನಡದ ಸ್ವಯಂಸೇವಕರು ಬರೆದು ಕೋಡ್ ಸಮೇತ ತೆರೆದಿಟ್ಟಿದ್ದಾರೆ. ಪರಿವರ್ತನೆ ಆದಮೇಲೆ ಅರ್ಕಾವತ್ತು ಇರುವ ಪದಗಳನ್ನು ಒಮ್ಮೆ ಕಣ್ಣಾಡಿಸಿ, ಹೆಚ್ಚು ತಪ್ಪುವುದು ಅಲ್ಲೇ.

ಸರ್ವರ್ ರೂಮ್:
ನಾನು ನನ್ನ ಮಾತನ್ನು ಪೂರ್ತಿ ವಾಪಸ್ ತೆಗೆದುಕೊಳ್ಳುತ್ತಿಲ್ಲ. ಟೋಕನ್, ಪ್ರಿಂಟರ್, ಮ್ಯಾಕ್ರೋ ಸರಿಹೋಗುವವರೆಗೆ ನಾಳೆ ಬೆಳಗ್ಗೆ ಎಲ್ಲ ಮೇಜಿನಿಂದ ವಿಂಡೋಸ್ ಕಿತ್ತುಹಾಕಿ ಅನ್ನಲಾರೆ. ಆದರೆ ಜೆಂಡಾರ್ಮರಿ ಹಾದಿ ನಮ್ಮಲ್ಲೂ ಆಗುತ್ತದೆ ಅನ್ನಿಸಿತು. ನನ್ನ ವ್ಯಾಪ್ತಿಯಲ್ಲಿ ವಿಂಡೋಸ್ 10ರಲ್ಲೇ ನಿಂತ ಹಳೇ ಯಂತ್ರಗಳು ಸುಮಾರಿವೆ. ಅವುಗಳಲ್ಲಿ ಬರೀ ಟೈಪಿಂಗ್, ಬ್ರೌಸರ್ ಕೆಲಸ ಇರುವಂಥವನ್ನು ಮೊದಲು ಆರಿಸುತ್ತೇನೆ. ಲಿಬ್ರೆ ಆಫೀಸ್ ಹಾಕಿ ಆರು ತಿಂಗಳು ನೋಡುತ್ತೇನೆ. ಮುಂದಿನ ಖರೀದಿಯಲ್ಲಿ ಟೋಕನ್‌ಗೆ, ಪ್ರಿಂಟರಿಗೆ ಲಿನಕ್ಸ್ ಡ್ರೈವರ್ ಕಡ್ಡಾಯ ಅಂತ ಟೆಂಡರ್ ಕರಡಿನಲ್ಲಿ ಒಂದು ಸಾಲು ಸೇರಿಸಲು ಕೇಳುತ್ತೇನೆ. ಲೆಕ್ಕಪತ್ರ ಸರ್, ಆ ಸಾಲನ್ನು ಯಾರೂ ಹೊಡೆದುಹಾಕದ ಹಾಗೆ ಹೇಗೆ ಬರೆಯಬೇಕು ಅಂತ ನೀವು ಹೇಳಿಕೊಡಬೇಕು.

ಲೆಕ್ಕಪತ್ರ:
ಖಂಡಿತ. 2015ರ ನೀತಿಯನ್ನು ಉಲ್ಲೇಖಿಸಿ ಬರೆಯೋಣ, ಬ್ರ್ಯಾಂಡ್ ಹೆಸರು ಎಲ್ಲೂ ಬೇಡ. ದತ್ತಾಂಶ ಹೊರತೆಗೆದು ಕೊಡುವುದಕ್ಕೆ ಬೇರೆ ಶುಲ್ಕ ಇಲ್ಲ ಅಂತ ಇನ್ನೊಂದು ಸಾಲೂ ಬೇಕು. ಭಾನುವಾರ ಕರಡು ಕಳಿಸುತ್ತೇನೆ.

ಟಪಾಲು ಮೇಜು:
ಅರ್ಕಾವತ್ತು ಅಣ್ಣ, ಆ ಪರಿವರ್ತಕದಲ್ಲಿ ಇವತ್ತು ಊಟದ ಬಿಡುವಿನಲ್ಲಿ ಆ ಆದೇಶದ ಫೈಲ್ ಹಾಕಿ ನೋಡಿದೆ. ಬಂತು. ಪೂರ್ತಿ ಕನ್ನಡ. 'ದಾರಿ' ಅಂತ ಹುಡುಕಿದರೆ ಆರು ಕಡೆ ತೋರಿಸಿತು. ನೀವು ಹೇಳಿದ ಹಾಗೆ 'ಪೂರ್ವ', 'ಅರ್ಜಿದಾರ' ಅನ್ನುವಲ್ಲಿ ಎರಡು ತಪ್ಪಿತ್ತು, ತಿದ್ದಿದೆ. ಆ ಹಾರ್ಡ್ ಡಿಸ್ಕಿನಲ್ಲಿ 2003ರಿಂದ 2009ರವರೆಗಿನ ಫೋಲ್ಡರ್‌ಗಳಿವೆ. ತಹಶೀಲ್ದಾರ್ ಸಾಹೇಬರನ್ನು ಕೇಳಿದೆ, ದಿನಾ ಒಂದು ಗಂಟೆ ಇದಕ್ಕೆ ಕೊಡಿ ಅಂದಿದ್ದಾರೆ. ನಾಳೆ 2003ರಿಂದ ಶುರು ಮಾಡುತ್ತೇನೆ. ಒಟ್ಟಿಗೆ ನೂರು ಫೈಲ್ ಹಾಕಿದರೆ ತೆಗೆದುಕೊಳ್ಳುತ್ತದೆಯಾ, ಅಥವಾ ಒಂದೊಂದೇ ಹಾಕಬೇಕಾ?